ಎಂಸಿಬಿ ಕಾಯೋದು ವೈರನ್ನ: ಸೋಲಾರ್ ಕೊಟೇಶನ್‌ನಲ್ಲಿ ನೀವು ನೋಡಲೇಬೇಕಾದ ಎರಡು ಸಾಲು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ವೈರು ಮತ್ತು ಎಂಸಿಬಿ ಬಗ್ಗೆ ಮಾತಾಡೋಣ. ಬೋರು ಅಂತ ಸ್ಕಿಪ್ ಮಾಡಬೇಡಿ. ಮನೆ ಮೇಲೆ ಸೋಲಾರ್ ಇದ್ರೆ, ಅಥವಾ ಅಪ್ಪ-ಅಮ್ಮ ಹಾಕಿಸೋ ಯೋಚನೆಯಲ್ಲಿದ್ರೆ, ಈ ಇಪ್ಪತ್ತು ನಿಮಿಷ ಖಂಡಿತ ಉಪಯೋಗಕ್ಕೆ ಬರುತ್ತೆ.

2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಶುರುವಾಯ್ತು. 3 ಕಿಲೋವ್ಯಾಟ್ ಸೋಲಾರ್‌ಗೆ ಕೇಂದ್ರದಿಂದ 78,000 ರೂಪಾಯಿ ಸಬ್ಸಿಡಿ. ಆಮೇಲಿಂದ ಎಲ್ಲರ ಬಾಯಲ್ಲೂ ಪ್ಯಾನೆಲ್ ಯಾವ ಕಂಪನಿ, ಇನ್ವರ್ಟರ್ ಯಾವ ಕಂಪನಿ, ಎಷ್ಟು ವರ್ಷ ವಾರಂಟಿ ಅನ್ನೋದೇ ಮಾತು. ಕೊಟೇಶನ್‌ನ ಕೊನೇಲಿ ಎರಡು ಸಾಲು ಇರುತ್ತೆ: ಕೇಬಲ್, ಮತ್ತೆ ಡಿಬಿ ಬಾಕ್ಸ್. ಅದನ್ನ ಯಾರೂ ಓದಲ್ಲ. ಬೆಂಕಿ ಹತ್ತೋ ಸಾಧ್ಯತೆ ಜಾಸ್ತಿ ಇರೋದು ಆ ಎರಡು ಸಾಲಿನಲ್ಲೇ.

ಒಂದು ವಾಯ್ಸ್ ಮೆಸೇಜ್

ದಾವಣಗೆರೆಯ ಕೇಳುಗರೊಬ್ಬರು ಕಳಿಸಿದ ಪ್ರಶ್ನೆ ಇದು. ಅವರ ಮನೇಲಿ 3 ಕಿಲೋವ್ಯಾಟ್ ಸೋಲಾರ್ ಇದೆ. ಇನ್ವರ್ಟರ್ ತಾರಸಿ ಮೇಲಿನ ಶೀಟಿನ ಕೆಳಗೆ, ಎಂಸಿಬಿ ಬಾಕ್ಸ್ ಅದರ ಪಕ್ಕದ ಗೋಡೆ ಮೇಲೆ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡು-ಒಂದು ಗಂಟೆಗೆ ಎಂಸಿಬಿ ಟ್ರಿಪ್ ಆಗುತ್ತೆ. ನೋಡೋಕೆ ಬಂದ ಹುಡುಗ, "ಅಂಕಲ್, ಇದು 16 ಆಂಪಿಯರ್‌ದು. ತೆಗೆದು 32ರದ್ದು ಹಾಕಿಬಿಡ್ತೀನಿ, ಮತ್ತೆ ಟ್ರಿಪ್ ಆಗಲ್ಲ" ಅಂದಿದ್ದಾನೆ. ಅಲ್ಲಿಂದ ಮೀಟರ್‌ವರೆಗೆ ಪೈಪಿನೊಳಗೆ ಎಳೆದಿರೋ ವೈರು 2.5 ಸ್ಕ್ವೇರ್ ಎಂಎಂ. "ನಮ್ಮಪ್ಪ ಒಪ್ಪಿದ್ದಾರೆ, ನನಗ್ಯಾಕೋ ಅನುಮಾನ. ಸರೀನಾ ಬ್ರೋ?" ಅಂತ ಕೇಳಿದ್ದಾರೆ.

ಮೊದಲು ಉತ್ತರ ಹೇಳಿಬಿಡ್ತೀನಿ: ಸರಿಯಲ್ಲ. ಹಾಕಿಸಬೇಡಿ. ಹುಡುಗ ಹೇಳಿದ್ದು ಒಂದರ್ಥದಲ್ಲಿ ನಿಜ, 32ರದ್ದು ಹಾಕಿದ್ರೆ ಟ್ರಿಪ್ ಆಗಲ್ಲ. ಅದೇ ಸಮಸ್ಯೆ. ಯಾಕೆ ಅಂತ ನೋಡೋಣ.

ಎಂಸಿಬಿ ಇರೋದು ಯಾರಿಗೋಸ್ಕರ?

ತುಂಬ ಜನ ಅಂದುಕೊಂಡಿರೋದು ಎಂಸಿಬಿ ಫ್ರಿಜ್ಜು, ಟಿವಿ, ಇನ್ವರ್ಟರ್‌ನ ಕಾಯುತ್ತೆ ಅಂತ. ಮನುಷ್ಯರಿಗೆ ಶಾಕ್ ಹೊಡೆಯದ ಹಾಗೆ ಕಾಯುತ್ತೆ ಅಂತಲೂ ಕೆಲವರು ಅಂದ್ಕೋತಾರೆ. ಶಾಕ್‌ಗೆ ಇರೋದು ಬೇರೆ ಸಾಧನ, ಆರ್‌ಸಿಸಿಬಿ. ಎಂಸಿಬಿ ಮುಖ್ಯವಾಗಿ ಕಾಯೋದು ಗೋಡೆಯೊಳಗೆ, ಪೈಪಿನೊಳಗೆ ಹೋಗಿರೋ ವೈರನ್ನ.

ವೈರಿನಲ್ಲಿ ಕರೆಂಟ್ ಹರಿದ್ರೆ ಅದು ಬಿಸಿಯಾಗುತ್ತೆ. ಕರೆಂಟ್ ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟಾಗುತ್ತೆ. ಮನೆ ವೈರಿನ ಮೇಲಿನ ಪಿವಿಸಿ ಹೊದಿಕೆ 70 ಡಿಗ್ರಿವರೆಗೆ ತಡೀಬಹುದು. ಅದನ್ನ ಮೀರಿದ್ರೆ ಪ್ಲಾಸ್ಟಿಕ್ ಮೆತ್ತಗಾಗುತ್ತೆ, ದಿನ ಕಳೆದಂಗೆ ಒಣಗಿ ಬಿರುಕು ಬಿಡುತ್ತೆ, ಒಂದಿನ ಫೇಸು ನ್ಯೂಟ್ರಲ್ ಒಂದಕ್ಕೊಂದು ತಾಗುತ್ತೆ. ಅಲ್ಲಿಗೆ ಹೋಗೋ ಮುಂಚೆ ಕರೆಂಟ್ ಕಟ್ ಮಾಡೋದೇ ಎಂಸಿಬಿ ಕೆಲಸ.

ಹಾಗಾಗಿ ಇಡೀ ಸಂಚಿಕೆಯಲ್ಲಿ ನೆನಪಿಡಬೇಕಾದ ಲೆಕ್ಕ ಇದು. ಮೂರು ಸಂಖ್ಯೆ, ಚಿಕ್ಕದರಿಂದ ದೊಡ್ಡದಕ್ಕೆ ಈ ಕ್ರಮದಲ್ಲೇ ಇರಬೇಕು:

ನಿಜವಾಗಿ ಹರಿಯೋ ಕರೆಂಟ್, ಅದಕ್ಕಿಂತ ದೊಡ್ಡದು ಎಂಸಿಬಿ, ಅದಕ್ಕಿಂತ ದೊಡ್ಡದು ವೈರಿನ ತಾಕತ್ತು.

ನಾನು ಬಿಕಾಂ ಓದಿದವನು, ನನಗೆ ಇದು ಅರ್ಥ ಆಗಿದ್ದು ಕ್ರೆಡಿಟ್ ಕಾರ್ಡಿನ ಲೆಕ್ಕದಲ್ಲಿ. ನಿಮ್ಮ ತಿಂಗಳ ಖರ್ಚಿಗಿಂತ ಕಾರ್ಡಿನ ಲಿಮಿಟ್ ಸ್ವಲ್ಪ ಜಾಸ್ತಿ ಇರಬೇಕು, ಇಲ್ಲಾಂದ್ರೆ ಅಂಗಡೀಲಿ ಕಾರ್ಡ್ ನಡೆಯಲ್ಲ. ಆದ್ರೆ ಆ ಲಿಮಿಟ್ ಸಂಬಳ ದಾಟಬಾರದು. ಕಾರ್ಡ್ ನಡೀತಿಲ್ಲ ಅಂತ ಲಿಮಿಟ್ ಎರಡರಷ್ಟು ಮಾಡಿಸಿಕೊಂಡ್ರೆ ಸಂಬಳ ಎರಡರಷ್ಟಾಗಲ್ಲ. ಎಂಸಿಬಿ ಅಂದ್ರೆ ಲಿಮಿಟ್, ವೈರು ಅಂದ್ರೆ ಸಂಬಳ.

ಬಿಸಿಲಲ್ಲಿ ವೈರಿನ ತಾಕತ್ತು ಇಳಿಯುತ್ತೆ

ಈಗ ದಾವಣಗೆರೆ ಮನೆಗೆ ಬರೋಣ. 3 ಕಿಲೋವ್ಯಾಟ್ ಅಂದ್ರೆ 3,000 ವ್ಯಾಟ್. 230 ವೋಲ್ಟ್‌ನಿಂದ ಭಾಗಿಸಿ, 13 ಆಂಪಿಯರ್ ಬರುತ್ತೆ. ಸೋಲಾರ್ ಕರೆಂಟು ಗೀಸರ್ ಥರ ಹತ್ತು ನಿಮಿಷ ಹರಿದು ನಿಲ್ಲಲ್ಲ, ಗಂಟೆಗಟ್ಟಲೆ ಹರಿಯುತ್ತೆ. ಅದಕ್ಕೆ 25 ಶೇಕಡ ಜಾಸ್ತಿ ಸೇರಿಸೋದು ವಾಡಿಕೆ. 13ನ್ನ 1.25ರಿಂದ ಗುಣಿಸಿದ್ರೆ 16ರ ಮೇಲೆ ಸ್ವಲ್ಪ. ಹಾಗಾದ್ರೆ ಅದರ ಮುಂದಿನ ಅಳತೆ, 20 ಆಂಪಿಯರ್ ಎಂಸಿಬಿ.

ಈ 20 ಆಂಪಿಯರ್‌ನ ತಡೆಯೋಕೆ ಎಷ್ಟು ದಪ್ಪದ ವೈರು ಬೇಕು? ಪೈಪಿನೊಳಗೆ ಹಾಕಿರೋ ತಾಮ್ರದ ಪಿವಿಸಿ ವೈರಿಗೆ ಅಂತರರಾಷ್ಟ್ರೀಯ ಮಾನದಂಡದ ಕೋಷ್ಟಕ ಹೇಳೋದು ಹೀಗೆ: 2.5 ಸ್ಕ್ವೇರ್ ಎಂಎಂ ಆದ್ರೆ 24 ಆಂಪಿಯರ್, 4 ಆದ್ರೆ 32, 6 ಆದ್ರೆ 41. ಇದನ್ನ ನೋಡಿ "2.5 ಸಾಕಲ್ಲ, 24 ಇದೆಯಲ್ಲ" ಅಂತ ಅನ್ಸುತ್ತೆ.

ಆದ್ರೆ ಆ ಲೆಕ್ಕ ಸುತ್ತಲಿನ ಗಾಳಿ 30 ಡಿಗ್ರಿ ಇದ್ದಾಗಿಂದು. ತಾರಸಿ ಮೇಲಿನ ಪೈಪಿನೊಳಗೆ ಏಪ್ರಿಲ್ ಮಧ್ಯಾಹ್ನ 50 ಡಿಗ್ರಿ ಆರಾಮಾಗಿ ಬರುತ್ತೆ. 50 ಡಿಗ್ರಿಯಲ್ಲಿ ಅದೇ ವೈರಿನ ತಾಕತ್ತನ್ನ 0.71ರಿಂದ ಗುಣಿಸಬೇಕು. ಗುಣಿಸಿ ನೋಡಿ. 2.5ರ ವೈರು 17ಕ್ಕೆ ಇಳೀತು. 4ರ ವೈರು ಹೆಚ್ಚುಕಮ್ಮಿ 22.7 ಆಯ್ತು. 20 ಆಂಪಿಯರ್ ಎಂಸಿಬಿ ಕೆಳಗೆ 2.5 ನಿಲ್ಲಲ್ಲ, 4 ನಿಲ್ಲುತ್ತೆ. ಒಂದೇ ಪೈಪಿನಲ್ಲಿ ಬೇರೆ ವೈರುಗಳನ್ನೂ ತುರುಕಿದ್ರೆ ಇನ್ನೂ ಕಮ್ಮಿಯಾಗುತ್ತೆ. ಕಲಬುರಗಿ, ರಾಯಚೂರು ಕಡೆಯ ಬಿಸಿಲಿದ್ರೆ ನಾನಂತೂ ನೇರವಾಗಿ 6 ಕೇಳ್ತೀನಿ.

ಹಾಗಾದ್ರೆ ಆ 16 ಯಾಕೆ ಟ್ರಿಪ್ ಆಗ್ತಿತ್ತು?

ಸಾಮಾನ್ಯವಾಗಿ ಇದಕ್ಕೆ ಎರಡು ಕಾರಣ. ಒಂದು, ಎಂಸಿಬಿಯೂ ಬಿಸಿಯನ್ನ ನೋಡಿಯೇ ಕೆಲಸ ಮಾಡೋದು. ಅದರೊಳಗೆ ಎರಡು ಲೋಹ ಸೇರಿಸಿದ ಒಂದು ಪಟ್ಟಿ ಇರುತ್ತೆ, ಬಿಸಿಯಾದ್ರೆ ಬಾಗುತ್ತೆ, ಬಾಗಿದ್ರೆ ಟ್ರಿಪ್. ಮನೆ ಎಂಸಿಬಿಗಳನ್ನ 30 ಡಿಗ್ರಿಗೆ ಹೊಂದಿಸಿರ್ತಾರೆ. ಬಿಸಿಲು ಹೊಡೆಯೋ ಗೋಡೆ ಮೇಲಿನ ಮುಚ್ಚಿದ ಬಾಕ್ಸಿನೊಳಗೆ 16 ಅಂತ ಬರೆದಿರೋದು 13-14ಕ್ಕೇ ಬಿದ್ದುಹೋಗಬಹುದು. ಎರಡನೇದು, ಟರ್ಮಿನಲ್ ಸ್ಕ್ರೂ ಸಡಿಲ ಇದ್ರೆ ಆ ಜಾಗವೇ ಕಾಯುತ್ತೆ, ಆ ಕಾವು ಎಂಸಿಬಿಗೆ ತಾಗುತ್ತೆ. ಎರಡರಲ್ಲೂ ಎಂಸಿಬಿ ಕೆಟ್ಟಿಲ್ಲ. ಏನೋ ಬಿಸಿಯಾಗ್ತಿದೆ ಅಂತ ಅದು ಹೇಳ್ತಾ ಇದೆ. 32ರದ್ದು ಹಾಕೋದು ಅಂದ್ರೆ ಹೇಳೋನ ಬಾಯಿ ಮುಚ್ಚಿಸಿದ ಹಾಗೆ.

ಇನ್ನೊಂದು ವಿಷಯ. 32 ಆಂಪಿಯರ್ ಎಂಸಿಬಿ 33ಕ್ಕೆ ಟ್ರಿಪ್ ಆಗುತ್ತೆ ಅಂದುಕೊಂಡಿದ್ದೀರಾ? ಇಲ್ಲ. ಮಾನದಂಡದ ಪ್ರಕಾರ ಬರೆದಿರೋ ಸಂಖ್ಯೆಯ 1.45 ಪಟ್ಟು ಕರೆಂಟ್ ಹರಿದ್ರೆ ಒಂದು ಗಂಟೆಯೊಳಗೆ ಟ್ರಿಪ್ ಆದ್ರೆ ಸಾಕು. ಅಂದ್ರೆ 46 ಆಂಪಿಯರ್ ಕೂಡ ಸುಮಾರು ಹೊತ್ತು ಹರಿಯಬಹುದು. 17 ತಡೆಯೋ ವೈರಿನಲ್ಲಿ!

"ಇನ್ವರ್ಟರ್ 14ಕ್ಕಿಂತ ಜಾಸ್ತಿ ಕೊಡೋದೇ ಇಲ್ಲ, 46 ಎಲ್ಲಿಂದ ಬರುತ್ತೆ?" ಅಂತ ಕೇಳಬಹುದು. ಒಳ್ಳೆ ಪ್ರಶ್ನೆ. ಬರೋದು ಆ ಕಡೆಯಿಂದ, ಗ್ರಿಡ್‌ನಿಂದ. ಆ ವೈರಿನ ಇನ್ನೊಂದು ತುದಿ ಮೀಟರ್‌ಗೆ, ಅಲ್ಲಿಂದ ಬೀದಿ ಟ್ರಾನ್ಸ್‌ಫಾರ್ಮರ್‌ಗೆ ಸೇರಿದೆ. ಜಾಯಿಂಟಿಗೆ ನೀರು ಹೋದ್ರೂ, ಇಲಿ ಕಡಿದ್ರೂ ಕರೆಂಟ್ ಅಲ್ಲಿಂದ ಹರಿದು ಬರುತ್ತೆ. ಇನ್ನೂ ಅಪಾಯ ಯಾವುದು ಗೊತ್ತಾ? ಎರಡು ವರ್ಷ ಬಿಟ್ಟು ಯಾರೋ "ವೈರು ಹೆಂಗೂ ತಾರಸಿವರೆಗೆ ಬಂದಿದೆ" ಅಂತ ಅದರಿಂದಲೇ ಒಂದು ಪಾಯಿಂಟ್ ಎಳೀತಾರೆ, ಗ್ರೈಂಡರ್‌ಗೋ ಗೀಸರ್‌ಗೋ. ಆಗ ಆ ಪಾಯಿಂಟಿಗೆ ಗ್ರಿಡ್‌ನಿಂದಲೂ ಕರೆಂಟ್, ಇನ್ವರ್ಟರ್‌ನಿಂದಲೂ ಕರೆಂಟ್. ಎರಡೂ ಕಡೆಯಿಂದ ಬಂದಿದ್ದನ್ನ ಕೂಡಿಸಿ ಅಳೆಯೋ ಎಂಸಿಬಿ ಅಲ್ಲಿ ಯಾವುದೂ ಇರಲ್ಲ. ಸೋಲಾರ್ ಲೈನಿನಿಂದ ಬೇರೆ ಯಾವ ಪಾಯಿಂಟೂ ಎಳೀಬಾರದು. ಇದನ್ನ ಮನೇಲಿ ಎಲ್ಲರಿಗೂ ಹೇಳಿಡಿ.

ಹಾಗಾಗಿ ದಾವಣಗೆರೆ ಗೆಳೆಯರಿಗೆ ನನ್ನ ಉತ್ತರ: ಮೊದಲು ಸ್ಕ್ರೂ ಬಿಗಿ ಮಾಡಿಸಿ, ಬಾಕ್ಸ್ ನೆರಳಿಗೆ ಬರಲಿ. ವೈರು 4ಕ್ಕೆ ಬದಲಾಗಲಿ, ಮೀಟರ್ ದೂರ ಇದ್ರೆ 6. ಆಮೇಲೆ 20 ಆಂಪಿಯರ್ ಎಂಸಿಬಿ. ಈ ಕ್ರಮ ತಪ್ಪಬಾರದು. ವೈರು ಮೊದಲು, ಎಂಸಿಬಿ ಆಮೇಲೆ.

ಪ್ಯಾನೆಲ್ ಕಡೆ ಲೆಕ್ಕವೇ ಬೇರೆ

ಇಲ್ಲಿವರೆಗೆ ಹೇಳಿದ್ದು ಎಸಿ, ಅಂದ್ರೆ ಇನ್ವರ್ಟರ್ ಆದಮೇಲಿನ ಭಾಗ. ಪ್ಯಾನೆಲ್‌ನಿಂದ ಇನ್ವರ್ಟರ್‌ವರೆಗೆ ಇರೋದು ಡಿಸಿ. ಅಲ್ಲಿ ಮೂರು ವಿಷಯ ಮನೆ ವೈರಿಂಗ್‌ಗಿಂತ ಬೇರೆ.

ಒಂದು, ಶಾರ್ಟ್ ಆದ್ರೂ ಕರೆಂಟ್ ಏರಲ್ಲ. 540 ವ್ಯಾಟ್ ಪ್ಯಾನೆಲ್ ಹಿಂದೆ ಸ್ಟಿಕ್ಕರ್ ಇರುತ್ತೆ, ಓದಿ. ಕೆಲಸ ಮಾಡುವಾಗಿನ ಕರೆಂಟ್ ಸುಮಾರು 13 ಆಂಪಿಯರ್, ಶಾರ್ಟ್ ಸರ್ಕ್ಯೂಟ್ ಕರೆಂಟ್ ಸುಮಾರು 14. ಎರಡಕ್ಕೂ ಬರೀ ಒಂದು ಆಂಪಿಯರ್ ವ್ಯತ್ಯಾಸ! ಗ್ರಿಡ್‌ನಲ್ಲಿ ಶಾರ್ಟ್ ಆದ್ರೆ ನೂರಾರು ಆಂಪಿಯರ್ ನುಗ್ಗುತ್ತೆ, ಎಂಸಿಬಿ ಟಪ್ ಅಂತ ಬೀಳುತ್ತೆ. ಪ್ಯಾನೆಲ್ ಸಾಲಿನಲ್ಲಿ ಶಾರ್ಟ್ ಆದ್ರೆ 16 ಆಂಪಿಯರ್ ಬ್ರೇಕರ್‌ಗೆ ಅದು ಗೊತ್ತೇ ಆಗಲ್ಲ. ಹಾಗಾಗಿ ಒಂದೇ ಸಾಲು ಇರೋ ಮನೇಲಿ ಡಿಸಿ ಕಡೆಯ ವೈರನ್ನ ಬ್ರೇಕರ್ ಕಾಯುತ್ತೆ ಅಂತ ನಂಬಬೇಡಿ. ಶಾರ್ಟ್ ಆದ ಕರೆಂಟನ್ನ ದಿನಗಟ್ಟಲೆ ಹೊತ್ತರೂ ಕಾಯದಷ್ಟು ದಪ್ಪ ವೈರಿಗೇ ಇರಬೇಕು. 4 ಸ್ಕ್ವೇರ್ ಎಂಎಂ ಸೋಲಾರ್ ಕೇಬಲ್ ಇದಕ್ಕೆ ಧಾರಾಳ. ಅಲ್ಲಿರೋ ಡಿಸಿ ಸ್ವಿಚ್ಚು ರಿಪೇರಿಗೆ ಬಂದವರು ಆಫ್ ಮಾಡೋಕೆ.

ಸಾಲುಗಳು ಮೂರಾದ್ರೆ ಕತೆ ಬದಲಾಗುತ್ತೆ. ಮೂರನ್ನ ಒಟ್ಟಿಗೆ ಸೇರಿಸಿದ್ದು, ಒಂದರಲ್ಲಿ ದೋಷ ಬಂತು ಅಂದ್ಕೊಳ್ಳಿ. ಉಳಿದ ಎರಡರ ಕರೆಂಟು, ಹದಿನಾಲ್ಕೂ ಹದಿನಾಲ್ಕೂ ಇಪ್ಪತ್ತೆಂಟು, ಆ ಕೆಟ್ಟ ಸಾಲಿಗೆ ನುಗ್ಗುತ್ತೆ. ಇಂಥ ಪ್ಯಾನೆಲ್‌ನ ಸ್ಟಿಕ್ಕರ್ ಮೇಲೆ ಗರಿಷ್ಠ ಫ್ಯೂಸ್ 25 ಆಂಪಿಯರ್ ಅಂತ ಬರೆದಿರುತ್ತೆ. 28 ಅದನ್ನ ದಾಟಿತು. ಹಾಗಾಗಿ ಮೂರು ಅಥವಾ ಜಾಸ್ತಿ ಸಾಲು ಸೇರಿಸಿದ್ರೆ ಪ್ರತಿ ಸಾಲಿಗೂ ಸೋಲಾರ್‌ಗೆ ಅಂತಲೇ ಮಾಡಿದ ಡಿಸಿ ಫ್ಯೂಸ್ ಬೇಕೇ ಬೇಕು.

ಎರಡು, ಡಿಸಿ ಕಿಡಿ ಆರಲ್ಲ. ನಮ್ಮ ಮನೆ ಎಸಿ ಕರೆಂಟು 50 ಹರ್ಟ್ಜ್, ಸೆಕೆಂಡಿಗೆ 100 ಸಲ ಸೊನ್ನೆಗೆ ಬಂದು ಹೋಗುತ್ತೆ. ಸ್ವಿಚ್ ಆಫ್ ಮಾಡಿದಾಗ ಹುಟ್ಟೋ ಕಿಡಿ ಆ ಸೊನ್ನೆ ಬಂದಾಗ ಆರುತ್ತೆ. ಡಿಸಿಯಲ್ಲಿ ಸೊನ್ನೆಯೇ ಇಲ್ಲ. ಎಸಿ ಎಂಸಿಬಿಯನ್ನ ತಂದು ಪ್ಯಾನೆಲ್ ಕಡೆ ಹಾಕಿದ್ರೆ, ಆಫ್ ಮಾಡಿದಾಗ ಒಳಗೆ ಕಿಡಿ ಹಾಗೇ ಉರೀತಾ ನಿಂತು, ಎಂಸಿಬಿಯೇ ಕರಗಿ ಬೆಂಕಿ ಹತ್ತಬಹುದು. ನೋಡೋಕೆ ಎರಡೂ ಒಂದೇ ಥರ ಇರುತ್ತೆ, ಬೆಲೆಯಲ್ಲಿ ಎಸಿಯದ್ದು ಅಗ್ಗ. ಹಾಗಾಗಿ ಮೈಮೇಲೆ ಡಿಸಿ ಅಂತ, ಎಷ್ಟು ವೋಲ್ಟ್ ಡಿಸಿ ಅಂತ ಬರೆದಿದೆಯಾ ನೋಡಿ. ಕೆಲವು ಡಿಸಿ ಎಂಸಿಬಿಗಳ ಮೇಲೆ ಪ್ಲಸ್-ಮೈನಸ್ ಗುರುತು ಇರುತ್ತೆ. ಅಂಥವನ್ನ ತಿರುಗಾಮುರುಗಾ ಕಟ್ಟಿದ್ರೆ ಕಿಡಿ ಆರಿಸೋ ವ್ಯವಸ್ಥೆ ಕೆಲಸ ಮಾಡಲ್ಲ.

ಮೂರು, ವೋಲ್ಟೇಜ್. 540 ವ್ಯಾಟ್‌ನ ಆರು ಪ್ಯಾನೆಲ್ ಸಾಲಾಗಿ ಸೇರಿಸಿದ್ರೆ, ಒಂದಕ್ಕೆ 49.5 ವೋಲ್ಟ್ ಅಂತ ಸುಮಾರು 297 ವೋಲ್ಟ್. ಪ್ಯಾನೆಲ್ ತಣ್ಣಗಿದ್ದಷ್ಟೂ ವೋಲ್ಟೇಜ್ ಜಾಸ್ತಿ. ಡಿಸೆಂಬರ್ ಬೆಳಿಗ್ಗೆ ಬೆಂಗಳೂರಲ್ಲಿ 12 ಡಿಗ್ರಿ ಇದ್ರೆ ಅದು 307ರ ಹತ್ತಿರ ಹೋಗುತ್ತೆ. 250 ವೋಲ್ಟ್ ಡಿಸಿ ಅಂತ ಬರೆದಿರೋ ಎಂಸಿಬಿ ಇಲ್ಲಿಗೆ ಆಗಲ್ಲ, 500 ಅಥವಾ ಅದಕ್ಕಿಂತ ಮೇಲಿನದು ಬೇಕು. ಆಂಪಿಯರ್ ಮಾತ್ರ ನೋಡಿ ತಂದ್ರೆ ಇಲ್ಲೇ ಎಡವೋದು.

ಬ್ಯಾಟರಿ ಇದ್ರೆ ಇನ್ನೂ ಹುಷಾರು

ಮಲೆನಾಡಿನ ಒಂಟಿ ಮನೆ, ತೋಟದ ಮನೆ, ಹೋಂಸ್ಟೇಗಳಲ್ಲಿ ಬ್ಯಾಟರಿ ಸೋಲಾರ್ ಸಾಮಾನ್ಯ. ಇಲ್ಲಿ ವೋಲ್ಟೇಜ್ ಕಮ್ಮಿ, ಹಾಗಾಗಿ ಭಯ ಇಲ್ಲ ಅಂತ ಜನ ಅಂದ್ಕೋತಾರೆ. 12 ವೋಲ್ಟ್ ಮುಟ್ಟಿದ್ರೆ ಶಾಕ್ ಹೊಡೆಯಲ್ಲ, ನಿಜ. ಆದ್ರೆ ವೋಲ್ಟೇಜ್ ಕಮ್ಮಿ ಆದಷ್ಟೂ ಅದೇ ಕೆಲಸಕ್ಕೆ ಕರೆಂಟ್ ಜಾಸ್ತಿ ಬೇಕು.

1,000 ವ್ಯಾಟ್ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಏನಾದ್ರೂ ಅಂದ್ಕೊಳ್ಳಿ. 230 ವೋಲ್ಟ್‌ನಲ್ಲಿ ಅದಕ್ಕೆ 4-5 ಆಂಪಿಯರ್ ಸಾಕು. 12 ವೋಲ್ಟ್ ಬ್ಯಾಟರಿಯಿಂದ ಇನ್ವರ್ಟರ್ ಮೂಲಕ ಓಡಿಸಿದ್ರೆ, ಇನ್ವರ್ಟರ್ ತಿನ್ನೋ ಹತ್ತು ಶೇಕಡ, ಬ್ಯಾಟರಿ 11 ವೋಲ್ಟ್‌ಗೆ ಇಳಿಯೋದು ಎಲ್ಲ ಸೇರಿ 100 ಆಂಪಿಯರ್! ಇದನ್ನ 10 ಸ್ಕ್ವೇರ್ ಎಂಎಂ ವೈರಿನಲ್ಲಿ ಒಂದೂವರೆ ಮೀಟರ್ ದೂರ ಒಯ್ದ್ರೆ, ಹೋಗಿ ಬರೋ ಮೂರು ಮೀಟರ್ ವೈರೇ 50 ವ್ಯಾಟ್‌ನಷ್ಟು ಕಾಯುತ್ತೆ. ಬೆಸುಗೆ ಹಾಕೋ ಐರನ್ನು ಅಷ್ಟೇ ಇರೋದು. ಇದಕ್ಕೆ ಕನಿಷ್ಠ 35 ಸ್ಕ್ವೇರ್ ಎಂಎಂ ಕೇಬಲ್, 125 ಆಂಪಿಯರ್ ಫ್ಯೂಸ್ ಬೇಕು. ಅದೇ 48 ವೋಲ್ಟ್ ಬ್ಯಾಟರಿ ಆದ್ರೆ ಕರೆಂಟ್ ಕಾಲು ಭಾಗ, ಸುಮಾರು 25 ಆಂಪಿಯರ್. ದೊಡ್ಡ ಸಿಸ್ಟಮ್‌ಗಳು 48 ವೋಲ್ಟ್‌ಗೆ ಹೋಗೋದು ಇದಕ್ಕೇ.

ದೂರಕ್ಕೂ ಬೆಲೆ ಇದೆ. 10 ಮೀಟರ್ ದೂರದ ಕೊಟ್ಟಿಗೆಗೆ 2.5ರ ವೈರಿನಲ್ಲಿ 10 ಆಂಪಿಯರ್ ಕಳಿಸಿದ್ರೆ ದಾರಿಯಲ್ಲೇ 1.4 ವೋಲ್ಟ್ ಹೋಗುತ್ತೆ. 230ರಲ್ಲಿ 1.4 ಹೋದ್ರೆ ಗೊತ್ತೂ ಆಗಲ್ಲ. 12ರಲ್ಲಿ ಹೋದ್ರೆ ಸುಮಾರು 12 ಶೇಕಡ ಹೋಯ್ತು, ಲೈಟು ಮಂಕು. ಲೆಕ್ಕ ಸುಲಭ: ದೂರವನ್ನ ಎರಡರಿಂದ ಗುಣಿಸಿ, ಆಂಪಿಯರ್‌ನಿಂದ ಗುಣಿಸಿ, 0.0175ರಿಂದ ಗುಣಿಸಿ, ವೈರಿನ ಸ್ಕ್ವೇರ್ ಎಂಎಂನಿಂದ ಭಾಗಿಸಿ. ಬಂದಿದ್ದು ಕಳೆದುಹೋದ ವೋಲ್ಟ್. ಫೋನಿನ ಕ್ಯಾಲ್ಕುಲೇಟರ್ ಸಾಕು. ಇದು ತಾಮ್ರದ ಲೆಕ್ಕ, ಅಲ್ಯೂಮಿನಿಯಂ ಆದ್ರೆ ಇನ್ನೂ ಜಾಸ್ತಿ ಹೋಗುತ್ತೆ.

ಪ್ಯಾನೆಲ್ ಶಾರ್ಟ್ ಆದ್ರೆ 14 ಆಂಪಿಯರ್ ಅಂದೆ. 150 ಎಎಚ್ ಬ್ಯಾಟರಿ ಶಾರ್ಟ್ ಆದ್ರೆ ಒಂದು ಸಾವಿರ ಆಂಪಿಯರ್ ಮೀರಿ ಬರಬಹುದು. ಸ್ಪ್ಯಾನರ್ ಅಡ್ಡ ಬಿದ್ರೆ ಅಲ್ಲೇ ಕೆಂಪಗಾಗುತ್ತೆ. ಹಾಗಾಗಿ ಫ್ಯೂಸ್ ಇರಬೇಕಾದ ಜಾಗ ಬ್ಯಾಟರಿಯ ಪ್ಲಸ್ ಟರ್ಮಿನಲ್ ಪಕ್ಕ, ಆದಷ್ಟು ಹತ್ತಿರ. ಇನ್ವರ್ಟರ್ ಪಕ್ಕ ಹಾಕಿದ್ರೆ ನಡುವಿನ ಕೇಬಲ್ಲನ್ನ ಕಾಯೋರು ಯಾರು? ಲಿಥಿಯಂ ಬ್ಯಾಟರಿ ಆದ್ರೆ ಇನ್ನೂ ಜೋರು, ಅಷ್ಟು ಕರೆಂಟನ್ನ ತುಂಡು ಮಾಡೋ ತಾಕತ್ತಿರೋ ಕ್ಲಾಸ್ ಟಿ ಥರದ ಫ್ಯೂಸ್ ಕೇಳಿ.

ಜಾಯಿಂಟು

ವೈರು ಸರಿ, ಎಂಸಿಬಿ ಸರಿ, ಆದ್ರೂ ಕಾಯುತ್ತೆ ಅಂದ್ರೆ ಜಾಯಿಂಟ್ ನೋಡಿ. ಎಂಸಿ4 ಅಂತೀವಲ್ಲ, ಪ್ಯಾನೆಲ್ ಸೇರಿಸೋ ಆ ಕಪ್ಪು ಕನೆಕ್ಟರ್, ಅದರ ಪಿನ್ನನ್ನ ಕಟಿಂಗ್ ಪ್ಲೇಯರ್‌ನಲ್ಲಿ ಒತ್ತಬಾರದು, ಅದಕ್ಕೆ ಅಂತಲೇ ಕ್ರಿಂಪಿಂಗ್ ಟೂಲ್ ಇದೆ. ಗಂಡು ಒಂದು ಕಂಪನಿ, ಹೆಣ್ಣು ಇನ್ನೊಂದು ಕಂಪನಿ ಮಾಡಬಾರದು, ಕೂತಂಗೆ ಕಂಡ್ರೂ ಒಳಗೆ ಸರಿಯಾಗಿ ಕೂತಿರಲ್ಲ. ಬಿಸಿಲಿದ್ದಾಗ, ಕರೆಂಟ್ ಹರೀತಿರುವಾಗ ಅದನ್ನ ಕೈಯಲ್ಲಿ ಬಿಚ್ಚಲೇಬಾರದು. ಆಗ ಹುಟ್ಟೋ ಕಿಡಿ ಆರದ ಕಿಡಿ, ನೆನಪಿದೆಯಲ್ಲ?

ಕೊಟೇಶನ್ ಕೈಯಲ್ಲಿ ಹಿಡಿದು ಕೇಳಬೇಕಾದ ಪ್ರಶ್ನೆಗಳು

ಇದನ್ನ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ.

1. ಎಸಿ ಕಡೆ ವೈರು ಎಷ್ಟು ಸ್ಕ್ವೇರ್ ಎಂಎಂ? ತಾಮ್ರನಾ, ಅಲ್ಯೂಮಿನಿಯಂನಾ? ಎಷ್ಟು ಮೀಟರ್?
2. ಎಂಸಿಬಿ ಎಷ್ಟು ಆಂಪಿಯರ್? ಬಿಸಿಲಿನ ಲೆಕ್ಕ ಹಾಕಿದ ಮೇಲೆ ವೈರಿನ ತಾಕತ್ತು ಅದಕ್ಕಿಂತ ಜಾಸ್ತಿ ಇದೆಯಾ?
3. ಪ್ಯಾನೆಲ್ ಕಡೆ ಕೇಬಲ್ ಮೇಲೆ ಐಎಸ್ 17293 ಅಂತ ಅಚ್ಚು ಇದೆಯಾ? ಅದು ಸೋಲಾರ್ ಡಿಸಿ ಕೇಬಲ್‌ನ ಭಾರತೀಯ ಮಾನದಂಡ. ಮನೆ ವೈರಿಂದು ಐಎಸ್ 694, ಅದು ಬಿಸಿಲಿಗೆ ಮಾಡಿದ್ದಲ್ಲ.
4. ಡಿಸಿ ಬಾಕ್ಸಿನ ಎಂಸಿಬಿ, ಫ್ಯೂಸ್ ಮೇಲೆ ಡಿಸಿ ವೋಲ್ಟ್ ಎಷ್ಟು ಬರೆದಿದೆ? ಸಾಲಿನ ಪ್ಯಾನೆಲ್‌ಗಳ ಒಟ್ಟು ವೋಲ್ಟೇಜ್‌ಗಿಂತ ಜಾಸ್ತಿ ಇದೆಯಾ?
5. ಎಂಸಿಬಿ ಬಾಕ್ಸ್ ಎಲ್ಲಿ ಕೂರುತ್ತೆ, ನೆರಳಲ್ಲಾ, ಬಿಸಿಲಲ್ಲಾ?
6. ಬ್ಯಾಟರಿ ಇದ್ರೆ ಫ್ಯೂಸ್ ಟರ್ಮಿನಲ್‌ನಿಂದ ಎಷ್ಟು ದೂರ?

ಈ ಪ್ರಶ್ನೆ ಕೇಳಿದ್ರೆ ಒಳ್ಳೆ ಕೆಲಸಗಾರ ಬೇಜಾರು ಮಾಡ್ಕೊಳ್ಳಲ್ಲ. ಬರೆದು ಕೊಡ್ತಾನೆ. "ಅದೆಲ್ಲ ನಾವು ನೋಡ್ಕೋತೀವಿ ಬಿಡಿ ಸಾರ್" ಅಂದ್ರೆ, ಇನ್ನೊಂದು ಕೊಟೇಶನ್ ತರಿಸಿ. 2.5ರ ವೈರಿನ ಬದಲು 4ರದ್ದು ಹಾಕಿದ್ರೆ ಆಗೋ ಹೆಚ್ಚಿನ ಖರ್ಚು ಇಡೀ ಸೋಲಾರ್‌ನ ಬಿಲ್ಲಿನಲ್ಲಿ ತೀರಾ ಚಿಕ್ಕದು. ಅಲ್ಲಿ ಉಳಿಸಬೇಡಿ.

ಈ ಲೆಕ್ಕ ಕಲಿತಿದ್ದು ಪ್ರಶ್ನೆ ಕೇಳೋಕೆ, ಸ್ಕ್ರೂಡ್ರೈವರ್ ಹಿಡಿಯೋಕೆ ಅಲ್ಲ. ಮೇನ್ ಆಫ್ ಮಾಡಿದ್ರೂ ಬಿಸಿಲಿರೋವರೆಗೆ ಪ್ಯಾನೆಲ್ ಸಾಲಿನಲ್ಲಿ 300 ವೋಲ್ಟ್ ಇದ್ದೇ ಇರುತ್ತೆ. ಬಾಕ್ಸ್ ಬಿಚ್ಚೋ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ಗೆ ಬಿಡಿ. ನೀವು ಮಾಡಬಹುದಾದ್ದು ಒಂದಿದೆ: ಈ ಭಾನುವಾರ ಮಧ್ಯಾಹ್ನ ತಾರಸಿಗೆ ಹೋಗಿ, ಬಾಕ್ಸ್ ಬಿಚ್ಚದೆ, ಎಂಸಿಬಿ ಮೇಲಿನ ಸಂಖ್ಯೆ ಮತ್ತು ವೈರಿನ ಮೇಲಿನ ಅಚ್ಚು, ಹೊರಗಿಂದ ಎಷ್ಟು ಕಾಣುತ್ತೋ ಅಷ್ಟರ ಫೋಟೋ ತೆಗೀರಿ. ಸುಟ್ಟ ವಾಸನೆ ಬರ್ತಿದ್ರೆ, ಪ್ಲಾಸ್ಟಿಕ್ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದ್ರೆ ಕಾಯಬೇಡಿ, ಅವತ್ತೇ ಕರೆಸಿ.

ಫೋಟೋದಲ್ಲಿರೋ ಸಂಖ್ಯೆಗಳು ಇವತ್ತು ಹೇಳಿದ ಕ್ರಮದಲ್ಲಿ ಇಲ್ಲ ಅಂದ್ರೆ ನನಗೆ ಮೆಸೇಜ್ ಮಾಡಿ, ಮುಂದಿನ ಸಂಚಿಕೆಯಲ್ಲಿ ಕೂತು ಲೆಕ್ಕ ಹಾಕೋಣ.